ಅತ್ತಿಮಬ್ಬೆಯ ದಾನ ಮತ್ತು ಒಂದು ಮನೆತನದ ಚರಿತ್ರೆ

ಮನೆತನದ ಚರಿತ್ರೆ ಉಳಿಯಬೇಕಾದರೆ ನೆನಪೊಂದೇ ಸಾಲದು. ಬರೆಯಿಸುವ, ಪ್ರತಿಮಾಡಿಸುವ ದಾನಿಯೂ ಬೇಕು. ಅತ್ತಿಮಬ್ಬೆ ಇದಕ್ಕೆ ನಿದರ್ಶನ. ಆಕೆಯ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಅದರ 1000 ಪ್ರತಿಗಳನ್ನು ಆಕೆ ಮಾಡಿಸಿದಳೆಂಬುದು ಪ್ರಸಿದ್ಧ. ಆಕೆಯ ಆಶ್ರಯದಲ್ಲಿ ಕ್ರಿ.ಶ. 993ರಲ್ಲಿ ರನ್ನ ರಚಿಸಿದ ಅಜಿತಪುರಾಣವು ತೀರ್ಥಂಕರಚರಿತೆಯ ಜೊತೆಗೆ ಪೋಷಕಿಯ ವಂಶವನ್ನೂ ನಿರೂಪಿಸುತ್ತದೆ. ತಾತ ನಾಗಮಯ್ಯ, ತಂದೆ ಮಲ್ಲಪ, ಪತಿ ನಾಗದೇವ ಮಾತ್ರವಲ್ಲ, ಅದೇ ನಾಗದೇವನನ್ನು ವರಿಸಿ ಅವನೊಡನೆ ಚಿತೆಯೇರಿದ ತಂಗಿ ಗುಂಡಮಬ್ಬೆಯೂ ಅಲ್ಲಿದ್ದಾಳೆ.

ವಂಶಾವಳಿಗಳು ಹೆಚ್ಚಾಗಿ ಗಂಡುಮಕ್ಕಳನ್ನೇ ಎಣಿಸುತ್ತವೆ. ಇಲ್ಲಿ ಮಗಳೊಬ್ಬಳ ಔದಾರ್ಯದಿಂದ ತವರು, ಸೇರಿದ ಮನೆ, ಅಗಲಿದ ತಂಗಿ ಎಲ್ಲರೂ ದಾಖಲಾದರು. ‘ದಾನಚಿಂತಾಮಣಿ’ ಎಂಬ ಬಿರುದನ್ನು ಚರಿತ್ರೆಯ ವಿದ್ಯಾರ್ಥಿಗಳು ಈ ಅರ್ಥದಲ್ಲಿಯೂ ಗ್ರಹಿಸಬೇಕು.