ಗಡಿ ಬಲ್ಲವನ ಕಾಲುದಾರಿ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಈಗ ಯಾರೂ ನಡೆದು ಹೋಗುವುದಿಲ್ಲ. ಬಸ್ಸಿದೆ, ರೈಲಿದೆ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ಅದು ಚಾಮರಾಜನಗರ ಮುಟ್ಟಿದ್ದು 1926ರಲ್ಲಿ. ರೈಲು ಬಂದಮೇಲೂ ಚಾರ್ಜಿಗೆ ಕಾಸಿಲ್ಲದ ನಮ್ಮ ಹಿರೀಕರು ಕಂಬಿ ಪಕ್ಕದಲ್ಲೇ ನಡೆದರು. ಆ ದಾರೀಲಿ ಎರಡು ದಿನ ನಾನೂ ನಡೆದೆ. ನಡಿಗೆ ಮೈಗೆ ಒಳ್ಳೇದು ಅಂತ ಬೂಟು ಕೊಂಡು ಹೊರಡುವ ವರ್ಗ ನನ್ನದಲ್ಲ. ನಮ್ಮಜ್ಜಿ ಉಪ್ಪು, ಎಲೆಅಡಿಕೆ ತರೋಕೆ ನಡೆದವಳು, ಅದನ್ನವಳು ಯಾವತ್ತೂ ‘ನಡಿಗೆ’ ಅಂತ ಕರೆದದ್ದಿಲ್ಲ. ಈ ಕಾಲುದಾರಿಗಳನ್ನು ಸವೆಸಿದವರು ಯಾರು, ಸವೆಸಿದವರಿಗೆ ಅದರ ಮೇಲೆ ಇದ್ದ ಹಕ್ಕೇನು, ಇದು ನನ್ನ ಪ್ರಶ್ನೆ.

ಚಿನ್ನದಗುಡಿಹುಂಡಿ, ಬದನವಾಳು, ನರಸಾಂಬುಧಿ, ಕವಲಂದೆ, ಬದನಗುಪ್ಪೆ. ರೈಲು ಈ ಹೆಸರುಗಳನ್ನು ಒಂದರ ಹಿಂದೊಂದು ಹೇಳಿಕೊಂಡು ಹೋಗುತ್ತೆ. ಕಾಲುದಾರಿ ಹಂಗಲ್ಲ. ಊರು ಹತ್ತಿರವಾಗುತ್ತಿದ್ದಂತೆ ಅದು ಒಂದು ಕಡೆಗೆ ಸರಿದುಕೊಳ್ಳುತ್ತೆ, ಬೇಲಿ ಮಗ್ಗುಲಲ್ಲಿ, ತಿಪ್ಪೆಗಳ ಹಿಂದೆ ಬಳಸಿಕೊಂಡು ಹೋಗಿ ಕೇರಿಯ ಬಾಯಿಗೆ ಬಂದು ನಿಲ್ಲುತ್ತೆ. ನೇರ ಹೋದರೆ ಹತ್ತು ನಿಮಿಷದ ದಾರಿ, ಬಳಸಿದರೆ ಅರ್ಧ ಗಂಟೆ. ಈ ಅಂಕುಡೊಂಕು ನೆಲದ ಏರುತಗ್ಗಿನಿಂದ ಬಂದದ್ದಲ್ಲ. ಚಪ್ಪಲಿ ಕೈಗೆ ತಗೊಂಡು ಊರ ಬೀದಿ ಹಾಯೋದಕ್ಕಿಂತ ಸುತ್ತಿಕೊಂಡೇ ಹೋದರಾಯ್ತು ಅಂದುಕೊಂಡ ಕಾಲುಗಳು ಹಾಕಿದ ಗೆರೆ ಅದು. ಚರಿತ್ರೆ ಬರೆಯೋರು ಶಾಸನ ಹುಡುಕುತ್ತಾರೆ. ನಮ್ಮ ಶಾಸನ ಹಿಂಗೆ ನೆಲದ ಮೇಲೇ ಬಿದ್ದಿದೆ.

ಆದರೆ ದಾರಿ ತಪ್ಪಿಸಿ ನಡೆದವರು ನಾವಷ್ಟೇ ಅಂತ ಯಾರೂ ತಿಳಿಯಬೇಕಾಗಿಲ್ಲ. 1873ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕ್ಯಾಪ್ಟನ್ ಮೆಕೆಂಜಿ ಎಂಬ ಅಧಿಕಾರಿ ಹಾಸನ ಸೀಮೆಯ ಹೊಲೆಯರ ಬಗ್ಗೆ ಒಂದು ಪುಟ್ಟ ಲೇಖನ ಬರೆದ. ಹೊಲಗೇರಿಯೊಳಗೆ ಬ್ರಾಹ್ಮಣ ಕಾಲಿಟ್ಟರೆ ಹೊಲೆಯರು ಒಟ್ಟಾಗಿ ಬಂದು ಚಪ್ಪಲಿಯಲ್ಲಿ ಹೊಡೆದು ಓಡಿಸುತ್ತಿದ್ದರು, ಹಿಂದಿನ ಕಾಲಕ್ಕೆ ಸಾಯೋ ಹಂಗೆ ಹೊಡೆಯುತ್ತಿದ್ದರಂತೆ ಅಂತ ಅವನು ದಾಖಲಿಸುತ್ತಾನೆ. ಏಟು ತಿನ್ನದೆ ಕೇರಿ ದಾಟಿಬಿಟ್ಟರೆ ಬ್ರಾಹ್ಮಣನಿಗೆ ಅದೃಷ್ಟ ಕೂಡಿಬರುತ್ತದೆ ಎಂಬ ನಂಬಿಕೆಯೂ ಇತ್ತಂತೆ. ಬ್ರಾಹ್ಮಣ ಬಂದರೆ ಕೇರಿಗೆ ಕೇಡು, ಆದ್ದರಿಂದ ಹೊಡೆದೋಡಿಸಬೇಕು! ಅಂಬೇಡ್ಕರ್ 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಈ ಮಾತನ್ನು ಎತ್ತಿಕೊಂಡರು. ಮೈಲಿಗೆ ಒಂದೇ ಕಡೆಯಿಂದ ಹರಿಯೋದಲ್ಲ, ಬ್ರಾಹ್ಮಣನನ್ನು ದೂರ ಇಟ್ಟವರೂ ಇದ್ದರು, ಇದರ ಬೇರು ಬೌದ್ಧರ ಮತ್ತು ಬ್ರಾಹ್ಮಣರ ನಡುವಿನ ಹಳೇ ಹಗೆತನದಲ್ಲಿದೆ ಅನ್ನೋದು ಅವರ ವಾದ. ಬೌದ್ಧ ಮೂಲದ ಮಾತನ್ನು ವಿದ್ವಾಂಸರು ಒಪ್ಪಲಿ ಬಿಡಲಿ, ಕೇರಿಗೂ ಒಂದು ಗಡಿ ಇತ್ತು, ಅದನ್ನು ಕಾಯೋ ಕಸುವೂ ಇತ್ತು ಅನ್ನೋದು ನನಗೆ ಮುಖ್ಯ. ನಮ್ಮನ್ನು ಬರೀ ಅಯ್ಯೋ ಪಾಪದವರನ್ನಾಗಿ ಚಿತ್ರಿಸುವ ಸುಧಾರಕ ಸಾಹಿತ್ಯ ಈ ಚಪ್ಪಲಿಯನ್ನು ಕಂಡೇ ಇಲ್ಲ.

ಅದೇ ಲೇಖನದಲ್ಲಿ ಇನ್ನೊಂದು ಸಂಗತಿ ಇದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಎರಡು ಊರುಗಳ ನಡುವೆ ಎಲ್ಲೆಯ ತಕರಾರು ಬಂದರೆ ಪಟೇಲನ ಮಾತು ನಡೆಯುತ್ತಿರಲಿಲ್ಲ, ಶಾನುಭೋಗನ ಕಡತವೂ ನಡೆಯುತ್ತಿರಲಿಲ್ಲ. ಕುಳವಾಡಿ ಬರಬೇಕಿತ್ತು. ಕುಳವಾಡಿ ಹೊಲೆಯ. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ಅದನ್ನು ತಲೆ ಮೇಲೆ ಹೊತ್ತು ಅವನು ಎಲ್ಲೆ ಗುಂಟ ನಡೆಯಬೇಕು. ಸರಿಯಾದ ಗೆರೆ ಹಿಡಿದು ನಡೆದರೆ ಉಂಡೆ ಇಡಿಯಾಗಿ ಇರುತ್ತೆ. ತಪ್ಪಿ ಆಚೆ ಕಾಲಿಟ್ಟರೆ ಉಂಡೆ ತಾನಾಗಿ ಒಡೆಯುತ್ತೆ, ಕುಳವಾಡಿ ಹದಿನೈದು ದಿನದೊಳಗೆ ಸಾಯುತ್ತಾನೆ, ಅವನ ಮನೆ ಹಾಳಾಗುತ್ತೆ. ಇದು ನಂಬಿಕೆ.

ಯೋಚನೆ ಮಾಡಿ. ಊರಿನ ಭೂಮಿ ಎಲ್ಲಿಂದ ಎಲ್ಲೀತನಕ ಅಂತ ಹೇಳೋ ಅಧಿಕಾರ ಭೂಮಿ ಇಲ್ಲದವನದ್ದು. ಸಾಕ್ಷಿ ಅವನದು, ಸುಳ್ಳಾದರೆ ಸಾವೂ ಅವನದೇ. ಗೆದ್ದ ನೆಲ ಮಾತ್ರ ಬೇರೆಯವರದು. ಊರು ಕಟ್ಟಿದ ಆದಿಜನ ಇವರೇ ಅನ್ನೋದಕ್ಕೆ ಈ ಆಚರಣೆ ಗುರುತು ಅಂತ ಕೆಲವರು ಓದುತ್ತಾರೆ. ಇರಬಹುದು. ಆದರೆ ಆದಿಜನ ಅಂತ ಹೊಗಳಿಸಿಕೊಂಡು ಏನು ಮಾಡೋಣ? ಹಳೇ ಮೈಸೂರಿನಲ್ಲಿ 1860ರ ದಶಕದಿಂದ ಸರ್ವೆ ನಡೆಯಿತು. ಸರಪಳಿ ಬಂತು, ಕಲ್ಲು ನೆಟ್ಟರು, ನಕ್ಷೆ ಬರೆದರು. ಕುಳವಾಡಿಯ ಕಾಲಿನಲ್ಲಿದ್ದ ತಿಳುವಳಿಕೆ ಕಾಗದಕ್ಕೆ ಹೋಯಿತು. 1961ರ ಗ್ರಾಮ ಅಧಿಕಾರಗಳ ರದ್ಧತಿ ಕಾಯ್ದೆ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆ ಕಿತ್ತುಹಾಕಿತು, ತೋಟಿ, ತಳವಾರಿಕೆಗಳೂ ಅದರ ಜೊತೆಗೇ ಹೋದವು. ಬಿಟ್ಟಿ ಚಾಕರಿ ಹೋಗಬೇಕಾದ್ದೇ, ಅದಕ್ಕೆ ಕಣ್ಣೀರು ಬೇಡ.

ಕನ್ನಡ ವಿಮರ್ಶೆ ಈ ನಡೆಯುವವನನ್ನು ಹೇಗೆ ಓದಿದೆ? 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿ ಹುಲಿಯನನ್ನು ಕರಕೊಂಡು ಕಾಡಿನ ದಾರಿ ತುಳಿಯುತ್ತಾನೆ. ಗುತ್ತಿಯ ನಡಿಗೆಯಲ್ಲಿ ಮಲೆನಾಡಿನ ಸೌಂದರ್ಯ ಕಂಡವರು ಬಹಳ. ಅವನು ಯಾರ ಮನೆ ಜೀತಕ್ಕೆ, ಯಾರ ಅಪ್ಪಣೆ ಮೇಲೆ ನಡೆಯುತ್ತಿದ್ದಾನೆ, ತನಗಾಗಿ ನಡೆದದ್ದು ಯಾವಾಗ ಅಂತ ಕೇಳಿದವರು ಕಡಿಮೆ. ಕುವೆಂಪು ಅದನ್ನು ಬರೆದಿದ್ದಾರೆ, ಓದೋರ ಕಣ್ಣು ಮರಗಳ ಮೇಲಿತ್ತು.

ಬದನವಾಳಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಗಾಂಧಿಯ ಹೆಸರಿನೊಂದಿಗೆ ಬೆಸೆದುಕೊಂಡ ಖಾದಿ ಕೇಂದ್ರ ಅಲ್ಲಿದೆ, ನೂಲಿನ ಕೆಲಸದಲ್ಲಿ ದಲಿತ ಹೆಂಗಸರ ದುಡಿಮೆ ಇದೆ. 1993ರ ಮಾರ್ಚಿಯಲ್ಲಿ, ಸಿದ್ಧೇಶ್ವರ ದೇವಸ್ಥಾನದ ಪ್ರವೇಶದ ವಿಚಾರವಾಗಿ ಎದ್ದ ದ್ವೇಷದಲ್ಲಿ, ಮೂವರು ದಲಿತರ ಕೊಲೆಯಾಯಿತು. 2015ರಲ್ಲಿ ಸರಳ ಬದುಕು, ಕೈಮಗ್ಗದ ಹೆಸರಿನಲ್ಲಿ ಅದೇ ಊರಲ್ಲಿ ದೊಡ್ಡ ಸಮಾವೇಶ ನಡೆಯಿತು. ಬಂದವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸರಳ ಬದುಕು ಅನ್ನೋದು ಬಿಡೋಕೆ ಏನಾದರೂ ಇದ್ದವರ ಮಾತು. ದೇವಸ್ಥಾನದ ಬಾಗಿಲಿಗೆ ಹೋಗುವ ನಾಲ್ಕು ಮಾರು ದಾರಿಗೆ ಮೂರು ಜೀವ ಕೊಟ್ಟ ಊರಲ್ಲಿ ನಡೆಯುವ ಮಾತು ಆ ನಾಲ್ಕು ಮಾರಿನಿಂದ ಶುರುವಾಗಬೇಕಿತ್ತು.

ಇನ್ನು ಕಾನೂನು. ಸಂವಿಧಾನದ 15ನೇ ವಿಧಿ ರಸ್ತೆ, ಬಾವಿ, ಕೆರೆಗಳಲ್ಲಿ ಜಾತಿಯ ತಡೆ ಕೂಡದು ಅನ್ನುತ್ತೆ, ಆದರೆ ಅವು ಸರ್ಕಾರದ ಹಣದಲ್ಲಿ ನಡೆಯುವಂಥವು ಅಥವಾ ಸಾರ್ವಜನಿಕರ ಬಳಕೆಗೆ ಬಿಟ್ಟಂಥವು ಆಗಿರಬೇಕು. ಕಾಲುದಾರಿ ಹಾಯುವುದು ಯಾರದೋ ಹೊಲದಲ್ಲಿ. ಅಲ್ಲಿಗೆ 1882ರ ಈಸ್ಮೆಂಟ್ ಕಾಯ್ದೆಯ ತರ್ಕ ಬರುತ್ತೆ: ಇಪ್ಪತ್ತು ವರ್ಷ, ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕು ಅಂತಲೇ ನಡೆದಿರಬೇಕು. ಈ ‘ಹಕ್ಕು ಅಂತಲೇ’ ಎಂಬಲ್ಲೇ ಕೇರಿ ಸೋಲೋದು. ಹೊಲದ ಯಜಮಾನ ಕೋರ್ಟಿಗೆ ಬಂದು, ‘ಪಾಪ ಹೋಗ್ಲಿ ಅಂತ ನಾನೇ ಬಿಟ್ಟಿದ್ದೆ ಸ್ವಾಮಿ’ ಅಂದು ಅದನ್ನು ನಂಬಿಸಿದರೆ ಸಾಕು. ಮೂರು ತಲೆಮಾರು ಸವೆಸಿದ್ದು ಅನುಮತಿಯ ಮೇಲೆ ಅಂತಾಗುತ್ತೆ, ಅನುಮತಿ ಹಕ್ಕಾಗೋದಿಲ್ಲ. ‘ಅಯ್ಯಾ, ಹೋಗ್ಲಾ’ ಅಂತ ಕೇಳಿ ನಡೆಯಬೇಕು ಅಂತ ಜಾತಿ ಕಲಿಸಿತು, ಕೇಳಿ ನಡೆದದ್ದಕ್ಕೇ ಹಕ್ಕು ಹೋಯಿತು. 1989ರ ದೌರ್ಜನ್ಯ ತಡೆ ಕಾಯ್ದೆ ಸಾರ್ವಜನಿಕ ಸ್ಥಳಕ್ಕೆ ಹೋಗುವ ರೂಢಿಯ ದಾರಿಗೆ ಅಡ್ಡಗಟ್ಟುವುದನ್ನು ಅಪರಾಧ ಮಾಡಿತು. ರುದ್ರಭೂಮಿಯ ಹೆಸರು ಅದರಲ್ಲಿ ಸ್ಪಷ್ಟವಾಗಿ ಸೇರಿದ್ದು 2015ರ ತಿದ್ದುಪಡಿಯಲ್ಲಿ.

ಗ್ರಾಮ ನಕ್ಷೆಯಲ್ಲಿ ಕಾಲುದಾರಿಗೆ ಚುಕ್ಕೆಗೆರೆ ಹಾಕುತ್ತಾರೆ. ನಮ್ಮೂರಿನ ನಕ್ಷೆ ತೆಗೆಸಿ ನೋಡಿದೆ. ಗುಡಿಗೆ ಹೋಗುವ ದಾರಿ ಇದೆ, ಕೆರೆಗೆ ಹೋಗುವ ಬಂಡಿದಾರಿ ಇದೆ, ಕೇರಿಯಿಂದ ನಮ್ಮ ಸುಡುಗಾಡಿಗೆ ಹೋಗುವ ದಾರಿಯ ಚುಕ್ಕೆಗಳು ಮಾತ್ರ ಇಲ್ಲ. ಆ ಹೊಲಕ್ಕೆ ರಾಗಿ ಹಾಕಿದ ವರ್ಷ ಹೆಣ ಬದುವಿನ ಮೇಲೆ ಹೋಗುತ್ತೆ. ಬಾಳೆ ಹಾಕಿ ಬೇಲಿ ಕಟ್ಟಿದ ವರ್ಷ ಕೆರೆ ಏರಿ ಸುತ್ತಿಕೊಂಡು ಹೋಗುತ್ತೆ, ಒಂದೂವರೆ ಮೈಲಿ, ನಡುವೆ ಎರಡು ಕಡೆ ಹೆಗಲು ಬದಲಾಯಿಸಬೇಕು.