ಕಳಿಸುವುದೋ, ಬೇಡವೋ

ತೆರೆದ ಬಾಗಿಲ ಒಳಗೆ ಒಬ್ಬ ತಾಯಿ ಬಟ್ಟೆ ಒಗೆಯುವ ತೊಟ್ಟಿಯ ಮುಂದೆ ನಿಂತಿದ್ದಳು. ಎಡಗೈಯಲ್ಲಿ ರಚ್ಚೆ ಹಿಡಿದ ಕೂಸು. ಬಲಗೈಯಲ್ಲಿ ಉಜ್ಜುತ್ತಿದ್ದುದು ಮಾಂಸದಂಗಡಿಯವರ ಏಪ್ರನ್ನುಗಳನ್ನು. ಅದೇ ಅವಳ ಹೊಟ್ಟೆಪಾಡು. 19ನೇ ಶತಮಾನದ ಕೊನೆಯ ದಶಕ, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನ ಹಿತ್ತಲ ವಠಾರ. ಆಗಷ್ಟೇ ಆ ಬಡಾವಣೆಗೆ ಬಂದಿದ್ದ ಲಿಲಿಯನ್ ವಾಲ್ಡ್ ಎಂಬ ನರ್ಸ್ ಎದುರು ಅವಳು ಮಗನ ಮೇಲೆ ದೂರಿಕೊಂಡಳು. ಲೂಯಿಗೆ 12 ವರ್ಷ, ತಲೆಯ ತುಂಬ ಇಸಬು. ಅದು ವಾಸಿಯಾಗದೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ, ಇವನು ವಾಸಿ ಮಾಡಿಕೊಳ್ಳುವುದಿಲ್ಲ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಧರ್ಮಾಸ್ಪತ್ರೆಗೆ ಎಷ್ಟೋ ಸಲ ಹೋಗಿ ಬಂದಿದ್ದ. ಬೀದಿದೀಪದ ಕಂಬದ ಮೇಲೆ ಬರೆದ ರಸ್ತೆಯ ಹೆಸರನ್ನೂ ಈ ವಯಸ್ಸಿಗೆ ಓದಲು ಬಾರದಿರುವುದು ನಾಚಿಕೆಯ ಸಂಗತಿ ಎಂದು ಅವನಿಗೂ ಗೊತ್ತಿತ್ತು. ಆದರೆ ಶಾಲೆಗೆ ಹೋದಾಗಲೆಲ್ಲ ಟೀಚರ್ ಮನೆಗೆ ಹೋಗು ಎನ್ನುತ್ತಿದ್ದರು.

ಧರ್ಮಾಸ್ಪತ್ರೆಯವರು ಕೊಟ್ಟಿದ್ದ ಮುಲಾಮನ್ನೇ ವಾಲ್ಡ್ ಹಚ್ಚಬೇಕಾದ ರೀತಿಯಲ್ಲಿ, ಬಿಡದೆ ಹಚ್ಚಿದರು. ತಲೆ ವಾಸಿಯಾಯಿತು. ಸೆಪ್ಟೆಂಬರಿನಲ್ಲಿ ಲೂಯಿ ಜೀವಮಾನದಲ್ಲೇ ಮೊದಲ ಬಾರಿಗೆ ಶಾಲೆ ಸೇರಿದ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಐದು ಮಹಡಿ ಮೆಟ್ಟಿಲು ಓಡಿ ಹತ್ತಿ ವಾಲ್ಡ್ ಇದ್ದಲ್ಲಿಗೆ ಬಂದು, ಬೆಳಿಗ್ಗೆ ಕಲಿತ ಸಣ್ಣಸಣ್ಣ ಪದಗಳನ್ನು ಅಕ್ಷರ ಬಿಡಿಸಿ ಒಪ್ಪಿಸಿದ.

ಅದೇ ಬಡಾವಣೆಯ ಶಾಲೆಯಲ್ಲಿ ಅವರಿಗೆ ಇನ್ನೊಬ್ಬ ಹುಡುಗನೂ ಸಿಕ್ಕಿದ್ದ. ಸ್ಕಾರ್ಲೆಟ್ ಜ್ವರ ಬಂದು ಮೈಯ ಚರ್ಮ ಇನ್ನೂ ಸುಲಿಯುತ್ತಿತ್ತು. ಆದರೂ ಅವನು ತರಗತಿಯೊಳಗೆ ಕೂತು, ಆ ಸಿಪ್ಪೆಯನ್ನು ಎಳೆದು ಕಿತ್ತು ಪಕ್ಕದವರನ್ನು ಬೆಚ್ಚಿಬೀಳಿಸುತ್ತಿದ್ದ. ವಾಲ್ಡ್ ಅವನನ್ನು ನಗರದ ಆರೋಗ್ಯ ಇಲಾಖೆಯ ಅಧ್ಯಕ್ಷರ ಮುಂದೆಯೇ ಒಯ್ದು ನಿಲ್ಲಿಸಿದರು. ಯಾರಿಗೂ ಅಂಟದ ಇಸಬಿನ ಹುಡುಗ ಹೊರಗೆ, ಮಕ್ಕಳ ಪ್ರಾಣವನ್ನೇ ತೆಗೆಯಬಲ್ಲ ಜ್ವರದ ಹುಡುಗ ಒಳಗೆ! ಯಾವ ಮಗು ಶಾಲೆಯಲ್ಲಿರಬೇಕು, ಯಾವುದು ಮನೆಯಲ್ಲಿರಬೇಕು ಎಂದು ತೀರ್ಮಾನಿಸುವ ಕೆಲಸ ಎಷ್ಟು ಕುರುಡಾಗಿ ನಡೆಯುತ್ತಿತ್ತು ಎಂಬುದಕ್ಕೆ ಈ ಇಬ್ಬರು ಹುಡುಗರೇ ಸಾಕು.

ಈ ಪ್ರಶ್ನೆ ಹುಟ್ಟಿದ್ದೇ ಹಾಜರಿ ಪುಸ್ತಕದ ಜೊತೆಗೆ. ನಮ್ಮ ಹಳೆಯ ಊರಶಾಲೆಗಳಾದ ಕೂಲಿಮಠಗಳ ಕಾಲದಲ್ಲಿ ಮಗುವಿಗೆ ಮೈ ಬಿಸಿಯಾದರೆ ಅದು ಮನೆಯವರ ಮತ್ತು ಪಾಠ ಹೇಳುವ ಅಯ್ಯನವರ ನಡುವಿನ ಮಾತಾಗಿತ್ತು; ಸರ್ಕಾರಕ್ಕೆ ಅದರಲ್ಲಿ ಆಗಬೇಕಾದ್ದೇನೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಶಾಲೆಗಳ ಅನುದಾನಕ್ಕೆ ಹೊಸ ಸಂಹಿತೆ ತಂದಾಗ ಚಿತ್ರ ಬದಲಾಯಿತು. ಮಗುವಿನ ಹಾಜರಿಗೆ ಇಷ್ಟು, ಇನ್‌ಸ್ಪೆಕ್ಟರ್ ಬಂದ ದಿನ ಓದು, ಬರಹ, ಲೆಕ್ಕದಲ್ಲಿ ಪಾಸಾದರೆ ಇಷ್ಟು ಎಂದು ಶಿಲಿಂಗ್ ಲೆಕ್ಕದಲ್ಲಿ ಹಣ ನಿಗದಿಯಾಯಿತು. ತಪಾಸಣೆಯ ದಿನ ಮಗು ಬಾರದಿದ್ದರೆ ಮೇಷ್ಟರ ಸಂಬಳಕ್ಕೇ ಕತ್ತರಿ. ಹಾಗಾಗಿ ದಡಾರ, ನಾಯಿಕೆಮ್ಮು ಇದ್ದ ಮಕ್ಕಳನ್ನೂ ಆ ದಿನ ಶಾಲೆಗೆ ಕರೆಸುವ ಕೆಟ್ಟ ರೂಢಿ ಬಿತ್ತು. ಫಲಿತಾಂಶ ನೋಡಿ ಹಣ ಕೊಡುವ ಈ ಪದ್ಧತಿ ಸಮುದ್ರ ದಾಟಿ ಮದ್ರಾಸ್ ಪ್ರಾಂತಕ್ಕೂ ಬಂತು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಅದೇ ಪ್ರಾಂತದ ಜಿಲ್ಲೆಗಳು.

1880ರಲ್ಲಿ ಇಂಗ್ಲೆಂಡ್ ಹಾಜರಿಯನ್ನು ಕಡ್ಡಾಯ ಮಾಡಿತು. ಒಂದು ದಿನವೂ ತಪ್ಪಿಸದ, ಒಂದು ದಿನವೂ ತಡವಾಗಿ ಬಾರದ ಮಕ್ಕಳಿಗೆ ಲಂಡನ್ ಸ್ಕೂಲ್ ಬೋರ್ಡ್ ಪದಕ ಕೊಡತೊಡಗಿತು. ವರ್ಷವಿಡೀ ಒಮ್ಮೆಯೂ ಹುಷಾರು ತಪ್ಪದ ಆರು ವರ್ಷದ ಮಗು ಇರುವುದುಂಟೇ? ಆ ಪದಕಗಳಲ್ಲಿ ಎಷ್ಟೋ ಪದಕಗಳ ಹಿಂದೆ ಮೈ ಸುಡುತ್ತಿದ್ದರೂ ಬೆಂಚಿನ ಮೇಲೆ ಕೂತ ದಿನಗಳಿರಲೇಬೇಕು. ನಮ್ಮಲ್ಲೂ ವಾರ್ಷಿಕೋತ್ಸವದ ವೇದಿಕೆಯಲ್ಲಿ ಪೂರ್ಣ ಹಾಜರಿಯ ಬಹುಮಾನ ಕೊಡುವ ಶಾಲೆಗಳಿವೆ. ಸದುದ್ದೇಶದ್ದೇ, ಆದರೂ ಅದು ನಿಲ್ಲಬೇಕಾದ ಪದ್ಧತಿ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಭಯ ಬೇರೆ ಕಡೆಯಿಂದ ಬಂತು. 1894ರಲ್ಲಿ ಬಾಸ್ಟನ್ ನಗರದಲ್ಲಿ ಗಂಟಲಮಾರಿ ಹರಡಿದಾಗ ಅಲ್ಲಿನ ಆರೋಗ್ಯಾಧಿಕಾರಿ ಸ್ಯಾಮುಯೆಲ್ ಡರ್ಗಿನ್ ಶಾಲೆಗಳಿಗೆ 50 ವೈದ್ಯರನ್ನು ನೇಮಿಸಿದರು. ಬೆಳಿಗ್ಗೆ ಟೀಚರ್ ಕಣ್ಣಿಗೆ ಸಪ್ಪೆಯಾಗಿ ಕಂಡ ಮಕ್ಕಳನ್ನು ಬೇರೆ ಕೂರಿಸುವುದು, ವೈದ್ಯರು ಬಂದು ಗಂಟಲು, ಕಣ್ಣು, ಚರ್ಮ ನೋಡಿ ಇರಬಹುದು ಅಥವಾ ಹೋಗಬೇಕು ಎನ್ನುವುದು. 1897ರಲ್ಲಿ ನ್ಯೂಯಾರ್ಕ್ ಇದನ್ನೇ ಅನುಸರಿಸಿತು. ತಿಂಗಳಿಗೆ 30 ಡಾಲರ್ ಕೊಟ್ಟು, ದಿನಕ್ಕೆ ಒಂದು ಗಂಟೆಯ ಮಟ್ಟಿಗೆ ನೇಮಿಸಿಕೊಂಡ ವೈದ್ಯರು ಅಷ್ಟರಲ್ಲಿ ಮಾಡಬಹುದಾದ್ದಾದರೂ ಎಷ್ಟು? ಹಲವರ ತಪಾಸಣೆ ಬರಿಯ ಶಾಸ್ತ್ರಕ್ಕೆ ನಡೆಯಿತು.

1902ರಲ್ಲಿ ಹೊಸ ಆಡಳಿತ ಬಂದು ಬಿಗಿ ಮಾಡಿತು. ವೈದ್ಯರು ನಿಜಕ್ಕೂ ನೋಡತೊಡಗಿದರು. ಕಣ್ಣಿನ ಟ್ರಕೋಮಾ, ಹುಳುಕಡ್ಡಿ, ಕಜ್ಜಿ, ಹೇನು ಎಂದು ಸಾವಿರಾರು ಮಕ್ಕಳು ಮನೆಗೆ ಹೊರಟರು. ಕೈಯಲ್ಲಿ ರೋಗದ ಹೆಸರಿದ್ದ ಒಂದು ಚೀಟಿ. ಆ ಚೀಟಿಯನ್ನು ಓದಬೇಕಾದ ತಾಯಿ ಪೋಲೆಂಡಿನಿಂದಲೋ ಇಟಲಿಯಿಂದಲೋ ಬಂದವಳು, ಇಂಗ್ಲಿಷ್ ಬಾರದವಳು. ಓದಿಸಿಕೊಂಡರೂ ಮದ್ದಿಗೆ ಕಾಸಿಲ್ಲ, ಆಸ್ಪತ್ರೆಗೆ ಹೋಗಲು ಕೂಲಿ ಬಿಡುವಂತಿಲ್ಲ. ಮಗು ಬೀದಿಯಲ್ಲಿ ಆಡುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಸಹಪಾಠಿಗಳು ಬಂದು ಅದರ ಜೊತೆ ಸೇರುತ್ತಿದ್ದರು. ತರಗತಿಯೊಳಗೆ ತಡೆದ ಸೋಂಕು ಬೀದಿಯಲ್ಲಿ ಸಲೀಸಾಗಿ ದಾಟುತ್ತಿತ್ತು. ಪಾಠ ಮಾತ್ರ ತಪ್ಪುತ್ತಿತ್ತು.

ಆರೋಗ್ಯ ಇಲಾಖೆಗೆ ವಾಲ್ಡ್ ತಮ್ಮ ನರ್ಸ್‌ಗಳ ತಂಡದ ಪರವಾಗಿ ಒಂದು ಮಾತು ಹೇಳಿದರು: ಒಂದು ತಿಂಗಳು ನಮ್ಮ ಒಬ್ಬ ನರ್ಸನ್ನು ಕೊಡುತ್ತೇವೆ, ನೋಡಿ. ಆರಿಸಿದ್ದು ಕೆನಡಾ ಮೂಲದ ಲೀನಾ ರಾಜರ್ಸ್ ಅವರನ್ನು. 1902ರ ಅಕ್ಟೋಬರ್‌ನಲ್ಲಿ, ಅತಿ ಹೆಚ್ಚು ಮಕ್ಕಳನ್ನು ಮನೆಗೆ ಕಳಿಸುತ್ತಿದ್ದ ನಾಲ್ಕು ಶಾಲೆಗಳು ಅವರ ಪಾಲಿಗೆ ಬಂದವು. ಸುಮಾರು 10,000 ಮಕ್ಕಳು, ಒಬ್ಬರು ನರ್ಸ್.

ರಾಜರ್ಸ್ ಮಾಡಿದ್ದರಲ್ಲಿ ಪವಾಡವೇನೂ ಇರಲಿಲ್ಲ. ಶಾಲೆಯಲ್ಲೇ ಕಣ್ಣು ತೊಳೆದರು, ಗಾಯಕ್ಕೆ ಮುಲಾಮು ಹಚ್ಚಿದರು, ಹುಳುಕಡ್ಡಿಗೆ ಮದ್ದು ಹಾಕಿ ಪಟ್ಟಿ ಕಟ್ಟಿ ಮಗುವನ್ನು ತರಗತಿಗೆ ವಾಪಸು ಕಳಿಸಿದರು. ಹೇನಿದ್ದ ಮಗುವಿನ ಮನೆಗೆ ಹೋಗಿ, ಸೀಮೆಎಣ್ಣೆಯೊಂದಿಗೆ ಬೇರೆ ಎಣ್ಣೆ ಬೆರೆಸಿ ತಲೆಗೆ ಹಚ್ಚುವುದು ಹೇಗೆ, ಮರುದಿನ ತೊಳೆಯುವುದು ಹೇಗೆ, ಸೀರು ತೆಗೆಯುವುದು ಹೇಗೆ ಎಂದು ತಾಯಿಗೆ ತೋರಿಸಿದರು. ಸೀಮೆಎಣ್ಣೆ ಹಚ್ಚಿ ಬಿಸಿಲಲ್ಲಿ ಕೂರಿಸುತ್ತಿದ್ದ ಅಜ್ಜಿಯರು ನಮ್ಮ ಹಳ್ಳಿಗಳಲ್ಲೂ ಇದ್ದರು. ಆ ಮಟ್ಟಿಗೆ ನ್ಯೂಯಾರ್ಕಿನ ಮದ್ದು ನಮಗೆ ಹೊಸದಲ್ಲ. ಹೊಸದಾಗಿದ್ದು, ಸರ್ಕಾರದ ಕೆಲಸದ ಮೇಲೆ ಬಂದ ಹೆಂಗಸೊಬ್ಬಳು ಬೈಯದೆ, ದಂಡ ಹಾಕದೆ ಅಡುಗೆಮನೆಯವರೆಗೆ ಬಂದು ಕೂತದ್ದು. ಆ ಒಂದು ತಿಂಗಳಲ್ಲಿ ರಾಜರ್ಸ್ 893 ಮಕ್ಕಳಿಗೆ ಚಿಕಿತ್ಸೆ ಮಾಡಿ, 137 ಮನೆಗಳ ಭೇಟಿ ಮುಗಿಸಿದ್ದರು. ಅಲ್ಲಿಯವರೆಗೆ ಯಾವ ಆರೈಕೆಯೂ ಸಿಗದೆ ಮನೆಯಲ್ಲೇ ಉಳಿದಿದ್ದ 25 ಮಕ್ಕಳು ಗುಣವಾಗಿ ಶಾಲೆಗೆ ಮರಳಿದ್ದರು.

ನಗರ ಕೂಡಲೇ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಶಾಲೆಗಳಿಂದ ಹೊರಗೆ ಕಳಿಸಿದ ಮಕ್ಕಳ ಸಂಖ್ಯೆ 10,567. ಮರುವರ್ಷ ಅದೇ ತಿಂಗಳಲ್ಲಿ 1,101.

ರೋಗಗಳು ಒಂದೇ ವರ್ಷದಲ್ಲಿ ಮಾಯವಾಗಿರಲಿಲ್ಲ. ಸಣ್ಣ ಕಾಯಿಲೆ ಸಣ್ಣದಿದ್ದಾಗಲೇ ಯಾರೋ ಒಬ್ಬರು ಕೈ ಹಚ್ಚಿ ನೋಡಿದ್ದರು, ಅಷ್ಟೆ. ಮಗುವನ್ನು ಹೊರಗೆ ಕಳಿಸುವ ನಿಯಮ ಬರೆಯಲು ಎಲ್ಲ ಕಾಲದಲ್ಲೂ ಜನ ಸಿಕ್ಕಿದ್ದಾರೆ. ಹೊರಗೆ ಹೋದ ಮಗುವಿನ ಹಿಂದೆ ಮನೆಯವರೆಗೆ ನಡೆಯುವವರಿಗೆ ಸಂಬಳ ಕೊಡಬೇಕೆಂದು ಒಂದು ನಗರಕ್ಕೆ ಹೊಳೆಯಲು 1902 ಬರಬೇಕಾಯಿತು ಎಂಬುದೇ ಈ ಚರಿತ್ರೆಯಲ್ಲಿ ಮನಸ್ಸನ್ನು ಹೆಚ್ಚು ಕಾಡುವ ಸಂಗತಿ.

ಕನ್ನಡನಾಡಿನಲ್ಲಿ ಶಾಲಾ ವೈದ್ಯರು ಬರುವ ಎಷ್ಟೋ ಮೊದಲೇ ಮನೆಗಳು ತಮ್ಮದೇ ಕಟ್ಟಳೆ ಮಾಡಿಕೊಂಡಿದ್ದವು. ಮಗುವಿಗೆ ಅಮ್ಮ (ಸಿಡುಬು) ಆದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡವರು ಒಳಗೆ ಕಾಲಿಡುತ್ತಿರಲಿಲ್ಲ, ಮನೆಯವರೂ ನಾಲ್ಕು ಜನರ ನಡುವೆ ಹೋಗುತ್ತಿರಲಿಲ್ಲ. ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸಿ, ಒಗ್ಗರಣೆಯ ಘಾಟು ಆಗದಂತೆ ಅಡುಗೆ ಮಾಡಿ, ಹಕ್ಕಳೆ ಒಣಗಿದ ಮೇಲೆ ಅರಿಶಿನ ಬೇವಿನ ನೀರು ಹಾಕುವವರೆಗೆ ಹೊರಗೆ ಬಿಡುವಂತಿರಲಿಲ್ಲ. ಸೀತಾಳೆ ಸಿಡುಬಿನ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗು ಶಾಲೆಗೆ ಬರಬಾರದು ಎಂದೇ ಇವತ್ತಿನ ವೈದ್ಯರೂ ಹೇಳುತ್ತಾರೆ. ದೇವಿಯ ಮುನಿಸಿನ ನಂಬಿಕೆಯನ್ನು ಬದಿಗಿಟ್ಟರೂ ಆ ಕಟ್ಟಳೆಯಲ್ಲಿ ರೋಗಿಗೆ ವಿಶ್ರಾಂತಿ ಇತ್ತು, ಊರಿಗೆ ಎಚ್ಚರಿಕೆ ಇತ್ತು, ವಾಪಸಾಗುವ ದಿನ ಯಾವುದೆಂಬ ಗುರುತೂ ಇತ್ತು. ಆದರೆ ಅದು ದೊಡ್ಡ ಕಾಯಿಲೆಗೆ. ಬರಿ ನೆಗಡಿ, ಬೆಳಿಗ್ಗೆ ಹೊಟ್ಟೆನೋವು, ರಾತ್ರಿ ಸ್ವಲ್ಪ ಬೆಚ್ಚಗಿದ್ದ ಹಣೆ, ಇವಕ್ಕೆ ಅಂಥ ಕಟ್ಟಳೆ ಇರಲಿಲ್ಲ. ಅಂಗೈ ತಿರುಗಿಸಿ ಕೊರಳಿಗೆ ಮುಟ್ಟಿಸಿ ನೋಡುವ ಅವ್ವನ ಅಂದಾಜೇ ಗತಿ.

ಭಾರತದಲ್ಲಿ ಶಾಲಾ ಮಕ್ಕಳ ಮೊದಲ ವೈದ್ಯಕೀಯ ತಪಾಸಣೆ ನಡೆದದ್ದು 1909ರಲ್ಲಿ, ಬರೋಡಾ ಸಂಸ್ಥಾನದಲ್ಲಿ. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ತಂದಿತು. ಹಾಜರಿಯ ಒತ್ತಾಯ ಬಂದಷ್ಟು ಬೇಗ ಆರೋಗ್ಯದ ಏರ್ಪಾಡು ಎಲ್ಲೂ ಬರಲಿಲ್ಲ. ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಬಹುತೇಕ ಇಲ್ಲವೇ ಇಲ್ಲ ಎಂದು 1946ರ ಭೋರ್ ಸಮಿತಿ ಹೇಳಿತು. ರೇಣುಕಾ ರೇ ನೇತೃತ್ವದ ಸಮಿತಿ 1961ರಲ್ಲಿ ಇನ್ನೊಂದು ವರದಿ ಕೊಟ್ಟಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಕಿವುಡು, ರಕ್ತಹೀನತೆ ಹಿಡಿಯಲು ಇದು ನಿಜಕ್ಕೂ ಒಳ್ಳೆಯ ಕಾರ್ಯಕ್ರಮ. ಸೋಮವಾರ ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಬಂದ ಎರಡನೇ ತರಗತಿಯ ಮಗುವಿಗೆ ಅದರಿಂದ ಆಗುವುದೇನಿಲ್ಲ.

ಕೋವಿಡ್ ಬಂದು, ಸಣ್ಣ ನೆಗಡಿಗೂ ದೊಡ್ಡ ಕಾಯಿಲೆಗೂ ನಡುವೆ ಅವ್ವನ ಅಂದಾಜಿಗೆ ಇದ್ದ ಜಾಗವನ್ನೂ ಅಳಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಒಂದು ಸೀನಿಗೂ ಜನ ಹೆದರುವಂತಾಗಿತ್ತು. ಆಮೇಲೆ ಸರ್ಕಾರಗಳು ಹಿಡಿದ ದಾರಿ ಒಂದೇ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಗೈರುಹಾಜರಿ ವಿಪರೀತ ಏರಿದ್ದರಿಂದ, 2023ರ ಸೆಪ್ಟೆಂಬರ್‌ನಲ್ಲಿ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟಿ ಮತ್ತಿತರರು ಬಹಿರಂಗ ಪತ್ರ ಬರೆದರು. ಸಣ್ಣ ಕೆಮ್ಮು, ಮೂಗು ಸೋರುವುದು, ಗಂಟಲು ಕೆರೆತ ಇದ್ದರೆ ಸಾಮಾನ್ಯವಾಗಿ ಶಾಲೆಗೆ ಕಳಿಸಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದರೆ ಬೇಡ ಎಂಬುದು ಅದರ ಸಾರ. ನಮ್ಮ ಮನೆಯ ಥರ್ಮಾಮೀಟರಿನಲ್ಲಿ ಅದು 100.4. ಕರ್ನಾಟಕದಲ್ಲಿ 2025ರ ಮೇ ಕೊನೆಗೆ, ಶಾಲೆಗಳು ಶುರುವಾಗುವ ಹೊತ್ತಿಗೆ ಕೋವಿಡ್ ಮತ್ತೆ ತಲೆಯೆತ್ತಿದಾಗ ಬಂದ ಸುತ್ತೋಲೆ ಇದಕ್ಕೆ ತಿರುವುಮುರುವು: ಜ್ವರ, ಕೆಮ್ಮು, ನೆಗಡಿ ಕಂಡರೆ ಮಗುವನ್ನು ಕಳಿಸಬೇಡಿ, ಪೂರ್ತಿ ಗುಣವಾದ ಮೇಲೆ ಕಳಿಸಿ, ಬಂದುಬಿಟ್ಟರೆ ಪೋಷಕರಿಗೆ ತಿಳಿಸಿ ಮನೆಗೆ ಕಳಿಸಿ.

ಎರಡಕ್ಕೂ ಅವುಗಳ ಸಂದರ್ಭದಲ್ಲಿ ಕಾರಣವಿದೆ. ಆದರೆ ಜೂನ್‌ನಲ್ಲಿ ಮಲೆನಾಡಿನ ಯಾವ ಶಾಲೆಯಲ್ಲಿ ಮೂಗು ಸೋರದ ಮಕ್ಕಳಿರುತ್ತಾರೆ? ನೆಗಡಿಯೆಲ್ಲ ಮನೆಗೆ ಎಂದು ಅಕ್ಷರಶಃ ಪಾಲಿಸಿದರೆ ಮಳೆಗಾಲ ಮುಗಿಯುವವರೆಗೆ ಚಿಕ್ಕ ತರಗತಿಗಳಲ್ಲಿ ಕೂರುವವರೇ ಇರುವುದಿಲ್ಲ. ಮನೆಯಲ್ಲಿರಲಿ ಎಂಬ ಮಾತಿನ ಒಳಗೆ ಮನೆಯಲ್ಲಿ ಯಾರಾದರೂ ಇದ್ದಾರೆ ಎಂಬ ನಂಬಿಕೆ ಅಡಗಿದೆ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಎಂಟಕ್ಕೆ ಹೊರಡುವ ತಾಯಿ ಒಂದು ದಿನ ತಪ್ಪಿಸಿದರೆ ಸಂಬಳ ಹೋಗುತ್ತದೆ. ಕಾಫಿ ತೋಟದ ಲೈನ್ ಮನೆಯ ಮಗುವಿಗೆ ಶಾಲೆ ತಪ್ಪಿದರೆ ಅಕ್ಷರ ದಾಸೋಹದ ಬಿಸಿಯೂಟವೂ ಕ್ಷೀರಭಾಗ್ಯದ ಹಾಲೂ ತಪ್ಪುತ್ತವೆ. ಹುಷಾರಿಲ್ಲದ ದಿನವೇ ಅದಕ್ಕೆ ಬಿಸಿ ಅನ್ನ ಬೇಕಾದದ್ದು. ಮಗುವಿಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಹನ್ನೊಂದು ಗಂಟೆಯವರೆಗೆ ಜ್ವರ ಏಳದಿರಲಿ ಎಂದುಕೊಂಡು ಬಿಟ್ಟುಹೋಗುವ ತಾಯಿಯನ್ನು ಬೇಜವಾಬ್ದಾರಿ ಎನ್ನುವ ಮೊದಲು ಅವಳ ಕೈಲಿ ಇನ್ನೇನು ಉಳಿದಿತ್ತು ಎಂದು ಕೇಳಬೇಕು.

ಇಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಜ್ವರ ಏರಿದ ಮಗುವನ್ನು ಮೇಷ್ಟರು ಬೆಂಚಿನ ಮೇಲೆ ಮಲಗಿಸಿ ಫೋನ್ ಮಾಡುತ್ತಾರೆ. ಫೋನ್ ತಂದೆಯ ಜೇಬಿನಲ್ಲಿರುತ್ತದೆ, ತಂದೆ ಇನ್ನೊಂದು ಊರಿನ ಕೆಲಸದಲ್ಲಿರುತ್ತಾನೆ. ಕೊನೆಗೆ ಐದನೇ ತರಗತಿಯಲ್ಲಿರುವ ಅಕ್ಕನನ್ನು ಕರೆದು ತಮ್ಮನನ್ನು ಮನೆಗೆ ಕರೆದುಕೊಂಡು ಹೋಗು ಎನ್ನುತ್ತಾರೆ; ಅವಳ ಆ ದಿನದ ಪಾಠವೂ ಹೋಯಿತು. ಕರ್ನಾಟಕದ ಸರ್ಕಾರಿ ಶಾಲೆಗಳು ಈಗಾಗಲೇ ಕ್ಲಸ್ಟರ್‌ಗಳಾಗಿ ಹಂಚಿಹೋಗಿವೆ, ಕ್ಲಸ್ಟರ್‌ಗೆ ಒಬ್ಬ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇರುತ್ತಾರೆ. ಅದೇ ಲೆಕ್ಕದಲ್ಲಿ ಕ್ಲಸ್ಟರ್‌ಗೆ ಒಬ್ಬ ನರ್ಸನ್ನೂ ಕೊಟ್ಟರೆ, ರಾಜರ್ಸ್ ಪಾಲಿಗೆ ಬಂದ 10,000 ಮಕ್ಕಳಿಗಿಂತ ಎಷ್ಟೋ ಕಡಿಮೆ ಮಕ್ಕಳನ್ನು ಅವರು ನೋಡಿಕೊಳ್ಳಬೇಕಾಗುತ್ತದೆ. ಥರ್ಮಾಮೀಟರ್, ಒಂದು ಡಬ್ಬಿ ಮುಲಾಮು, ಓಆರ್‌ಎಸ್ ಪೊಟ್ಟಣ, ಮನೆಮನೆಗೆ ಓಡಾಡಲು ಒಂದು ಸ್ಕೂಟರ್: ಮುಂದಿನ ಬಜೆಟ್ಟಿನಲ್ಲಿ ಒಂದು ತಾಲ್ಲೂಕಿಗಾದರೂ ಇಷ್ಟನ್ನು ಕೊಟ್ಟು ನೋಡುವುದು ಸರ್ಕಾರದ ಕೈಮೀರಿದ ಕೆಲಸವಲ್ಲ. ನ್ಯೂಯಾರ್ಕ್ ನಗರ ಒಪ್ಪಿಕೊಂಡದ್ದೂ ಮೊದಲು ಒಂದು ತಿಂಗಳ ಮಟ್ಟಿಗೆ, ನಾಲ್ಕೇ ಶಾಲೆಗಳಲ್ಲಿ.