ನೀರು, ಕಾಳು, ಊರು: ಆಂಗ್ಲರ ಏಲ್ ಪಾನೀಯದ ಕಥೆ



ಅನ್ನಪಾನಗಳಿಗೆ ನೆಲದ ಗುಣವು ಅಂಟಿಕೊಂಡಿರುವುದೆಂಬುದು ನಮ್ಮ ಜನರ ಹಳೆಯ ತಿಳಿವಳಿಕೆ. ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನ ಕಡೆ ಎರೆಯ ಭೂಮಿಯ ಜೋಳವೇ ಊಟ. ಬೆಂಗಳೂರಿನ ಕಡೆ ಕೆಂಪು ನೆಲದ ರಾಗಿ. ಇಂಗ್ಲೆಂಡಿನ ಗ್ರಾಮಸ್ಥನಿಗೆ ಊರಿನ ಈ ಗುರುತು ಏಲ್ ಎಂಬ ಪಾನೀಯದಲ್ಲಿ ದೊರೆಯುತ್ತಿದ್ದಿತು. ಆ ಗುರುತು ಹುಟ್ಟಿದ ಬಗೆಯನ್ನೂ, ಅದು ನಮ್ಮ ನಾಡಿಗೆ ಬಂದು ಕರಗಿದ ಬಗೆಯನ್ನೂ ಇಂದು ನಿವೇದಿಸುತ್ತೇನೆ.

ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿಯಾದ ರಸಕ್ಕೆ ಹುದುಗು ಬೆರಸಿದರೆ ಏಲ್ ಸಿದ್ಧವಾಗುತ್ತದೆ. ಪೂರ್ವದಲ್ಲಿ ಇದನ್ನು ಮನೆಮನೆಯಲ್ಲಿ ಹೆಂಗಸರೇ ಮಾಡುತ್ತಿದ್ದರು. 15ನೆಯ ಶತಮಾನದಲ್ಲಿ ಸಮುದ್ರದಾಚೆಯ ತಗ್ಗುನಾಡುಗಳಿಂದ ಹಾಪ್ ಎಂಬ ಬಳ್ಳಿಯ ಕಹಿ ಹೂವಿನ ಬಳಕೆ ಬಂದಿತು. ಅದನ್ನು ಹಾಕಿದ ಪಾನೀಯವು ಬೇಗ ಕೆಡುತ್ತಿರಲಿಲ್ಲ. ಅದಕ್ಕೆ ಬಿಯರ್ ಎಂಬ ಹೆಸರಾಯಿತು.

ಆದರೆ ಊರಿಂದೂರಿಗೆ ರುಚಿಯನ್ನು ಬೇರ್ಪಡಿಸಿದ್ದು ಮುಖ್ಯವಾಗಿ ನೀರು. ಲಂಡನ್ನಿನ ಸುಣ್ಣದ ಅಂಶದ ನೀರು ಪೋರ್ಟರ್ ಎಂಬ ಕಪ್ಪು ಬಿಯರಿಗೆ ಒಗ್ಗಿತು. ಟ್ರೆಂಟ್ ನದಿಯ ತೀರದ ಬರ್ಟನ್ ಪಟ್ಟಣದ ಬಾವಿಗಳಲ್ಲಿ ಜಿಪ್ಸಮ್ ಹೇರಳವಾಗಿದ್ದುದರಿಂದ, ತಿಳಿಬಣ್ಣದ ಕಹಿ ಏಲ್ ಅಲ್ಲಿ ಸೊಗಸಾಗಿ ಬಂದಿತು.

ಈ ಊರ ಪಾನೀಯವನ್ನು ದೂರಕ್ಕೆ ಎಳೆದದ್ದು ಭಾರತದ ವ್ಯಾಪಾರ. ಗುಡ್‌ಹೋಪ್ ಭೂಶಿರವನ್ನು ಬಳಸಿಕೊಂಡು ಬರುವ ಹಡಗಿಗೆ ಹಲವು ತಿಂಗಳು ಹಿಡಿಯುತ್ತಿದ್ದವು. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಮನೆತನದವರು ಕಂಪನಿಯ ನಾವಿಕರಿಗೆ ಸಾಲದ ಮೇಲೆ ಬಿಯರನ್ನು ಒದಗಿಸಿ ಈ ವ್ಯಾಪಾರವನ್ನು ಬಹುಕಾಲ ಕೈಯಲ್ಲಿಟ್ಟುಕೊಂಡಿದ್ದರು. 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಪ್ ಮೊದಲಾದವರು ಸ್ಪರ್ಧೆಗಿಳಿದು ಅವರನ್ನು ಹಿಂದೆ ಹಾಕಿದರು. ಹೀಗೆ ಒಂದು ಪಟ್ಟಣದ ಬಾವಿನೀರಿನ ಪಾನೀಯವು ಇಂಡಿಯಾದ ಹೆಸರನ್ನು ಹೊತ್ತು ಲೋಕಪ್ರಸಿದ್ಧವಾಯಿತು.

1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡಿನಲ್ಲಿ ಗೋರಾ ಸಿಪಾಯಿಗಳಿಗೆ ಬಿಯರ್ ನಿತ್ಯದ ವಸ್ತುವಾಗಿದ್ದಿತು. ಹಡಗಿನ ವೆಚ್ಚವನ್ನು ಉಳಿಸಲು ದಕ್ಷಿಣದಲ್ಲಿಯೇ ಕಾರ್ಖಾನೆಗಳು ಹುಟ್ಟಿದವು. ನೀಲಗಿರಿಯ ತಂಪೂ ಬೆಂಗಳೂರಿನ ಹಿತವಾದ ಹವೆಯೂ ಇದಕ್ಕೆ ಅನುಕೂಲಿಸಿದವು. ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಸಾಗುತ್ತಿದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಇಂತಹ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂಯರೀಸ್ ಸಂಸ್ಥೆಯನ್ನು ಕಟ್ಟಿದನು. 1947ರಲ್ಲಿ ವಿಠಲ ಮಲ್ಯರು ಅದರ ಮೊದಲನೆಯ ಭಾರತೀಯ ನಿರ್ದೇಶಕರಾದರು.

ಇದೇ ಕಾಲದಲ್ಲಿ ನಮ್ಮ ನಾಡಿನ ಹೆಂಡದ ಗತಿಯನ್ನೂ ನೋಡಬೇಕು. ಹೊಳೆಮಣ್ಣೂರು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1878ರ ಅಬಕಾರಿ ಕಾಯಿದೆಯು ಮರಕ್ಕೆ ತೆರಿಗೆಯನ್ನೂ ಇಳಿಸುವವನಿಗೆ ಪರವಾನಗಿಯನ್ನೂ ವಿಧಿಸಿತು. ಅಲ್ಲಿ ಊರ ಪಾನೀಯವು ಬೊಕ್ಕಸದ ಲೆಕ್ಕವಾಯಿತು. ಇಲ್ಲಿ ದಂಡಿನ ಪಾನೀಯವು ಉದ್ಯಮವಾಯಿತು.

ಏಲಿಗೂ ತನ್ನ ಊರು ಉಳಿಯಲಿಲ್ಲ. ನೀರಿಗೆ ಜಿಪ್ಸಮ್ ಬೆರಸಿದರೆ ಬರ್ಟನ್ನಿನ ನೀರು ಎಲ್ಲಿಯಾದರೂ ದೊರೆಯುವುದೆಂದು 19ನೆಯ ಶತಮಾನದಲ್ಲಿ ರಸಾಯನಜ್ಞರು ಕಂಡುಕೊಂಡರು. ಶೀತಯಂತ್ರಗಳು ಬಂದ ಮೇಲೆ, ತಣ್ಣನೆಯ ಉಗ್ರಾಣದಲ್ಲಿ ಮಾಗುವ ಲಾಗರ್ ಎಂಬ ಬಿಯರ್ ಉಷ್ಣದೇಶಗಳನ್ನು ಗೆದ್ದಿತು. ಇಂಗ್ಲೆಂಡಿನಲ್ಲಿಯೂ ಸಣ್ಣ ಕಾರ್ಖಾನೆಗಳನ್ನು ದೊಡ್ಡವು ನುಂಗಿದವು. 1971ರಲ್ಲಿ ಅಲ್ಲಿನ ಕೆಲವರು ಹಳೆಯ ಏಲಿನ ರಕ್ಷಣೆಗೆಂದೇ ಸಂಘವನ್ನು ಕಟ್ಟಬೇಕಾಯಿತು. ಬೆಂಗಳೂರಿನ ಸಂಸ್ಥೆಯ ಹತೋಟಿಯು 2021ರಲ್ಲಿ ಹಾಲೆಂಡಿನ ಹೈನಕೆನ್ ಕೈಸೇರಿತು.

ಪಾನವು ಒಳಿತೋ ಕೆಡುಕೋ ಎಂಬುದು ಬೇರೆಯ ವಿಚಾರ. ಕುಡಿಯದವರಿಗೂ ಈ ಚರಿತ್ರೆಯಲ್ಲಿ ಪಾಠವುಂಟು. ಊರಿನ ಗುಣದಿಂದ ಕೀರ್ತಿ ಪಡೆದ ವಸ್ತುವು ಆ ಕೀರ್ತಿಯ ಬಲದಿಂದಲೇ ಊರನ್ನು ಬಿಟ್ಟುಹೋಗಬಲ್ಲುದು. ನಮ್ಮ ಜೋಳ, ರಾಗಿಗಳ ಹೆಸರು ದೂರ ಹಬ್ಬುತ್ತಿರುವ ಈ ದಿನಗಳಲ್ಲಿ, ಅವುಗಳನ್ನು ಬೆಳೆದ ನೆಲವೂ ಬೆಳೆದ ಕೈಗಳೂ ಮರೆಯಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.